ರಾಜ ಖಗೋಳಜ್ಞ

ಮಕ್ಕಳೇ, ಕೊಯಮತ್ತೂರಿನಿಂದ ಮೆಟ್ಟುಪಾಳಯಂಗೆ ಹೋಗುವ ರೈಲು ತುಡಿಯಲೂರಿನ ಮೂಲಕ ಸಾಗುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಈ ದಾರಿಯಲ್ಲಿ ರೈಲು ಓಡಲು ತೊಡಗಿದ್ದು 1873ರಲ್ಲಿ. ರೈಲು ಹೊತ್ತಿಗೆ ಸರಿಯಾಗಿ ಬರಬೇಕಾದರೆ ನಿಲ್ದಾಣದ ಗಡಿಯಾರ ಸರಿಯಾಗಿರಬೇಕು. ಅದು ತಪ್ಪಿದರೆ ಇನ್ನೊಂದು ಗಡಿಯಾರವನ್ನು ನೋಡಿ ಸರಿಪಡಿಸಬಹುದು. ಆ ಇನ್ನೊಂದು ಗಡಿಯಾರವೂ ತಪ್ಪಾಗಿದ್ದರೆ? ಆಗ ಸರಿಯಾದ ಸಮಯವನ್ನು ಹೇಳುವವರು ಯಾರು? ಒಂದು ಕಾಲದಲ್ಲಿ ಅದನ್ನು ಹೇಳುತ್ತಿದ್ದವರು ಆಕಾಶವನ್ನು ನೋಡುವ ಖಗೋಳಜ್ಞರು. ಅವರಿಗಾಗಿ ಒಬ್ಬ ಅರಸನು ಒಂದು ಹುದ್ದೆಯನ್ನೇ ಏರ್ಪಡಿಸಿದನು.

ಹಿಂದೆ ಅರಸರ ಆಸ್ಥಾನದಲ್ಲಿ ಕವಿಗಳು, ವೈದ್ಯರು, ಜೋಯಿಸರು ಇರುತ್ತಿದ್ದರು. ಜೋಯಿಸರು ಮುಹೂರ್ತ ನೋಡಿ ಹೇಳುತ್ತಿದ್ದರು. ಆದರೆ ಇಂಗ್ಲೆಂಡಿನ ಅರಸ ಎರಡನೆಯ ಚಾರ್ಲ್ಸನು 1675ರಲ್ಲಿ ಜಾನ್ ಫ್ಲಾಮ್‌ಸ್ಟೀಡ್ ಎಂಬ 28 ವರ್ಷದ ತರುಣರನ್ನು ನೇಮಿಸಿದ್ದು ಮುಹೂರ್ತಕ್ಕಾಗಿ ಅಲ್ಲ, ಹಡಗುಗಳಿಗಾಗಿ. ಅವರೇ ಮೊದಲನೆಯ ರಾಜ ಖಗೋಳಜ್ಞರು.

ಹಡಗಿಗೂ ನಕ್ಷತ್ರಕ್ಕೂ ಏನು ಸಂಬಂಧ? ನಡುಗಡಲಿನಲ್ಲಿ ಗುರುತಿಗೆ ಗುಡ್ಡವಿಲ್ಲ, ಮರವಿಲ್ಲ. ಸುತ್ತಲೂ ನೀರು. ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಎಷ್ಟು ದೂರ ಬಂದೆವೆಂಬುದನ್ನು ಸೂರ್ಯನ ಎತ್ತರದಿಂದ ತಿಳಿಯಬಹುದು. ಪೂರ್ವ ಪಶ್ಚಿಮದ ಲೆಕ್ಕವೇ ಕಷ್ಟ. ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ 1 ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಡಗಿನಲ್ಲಿ ನಡುಹಗಲಾದಾಗ ತಮ್ಮ ಊರಿನಲ್ಲಿ ಎಷ್ಟು ಗಂಟೆ ಎಂದು ನಾವಿಕರಿಗೆ ಗೊತ್ತಾದರೆ, ಆ ವ್ಯತ್ಯಾಸದ ನಿಮಿಷಗಳನ್ನು 4ರಿಂದ ಭಾಗಿಸಿದರೆ ಸಾಕು. ಎಷ್ಟು ಡಿಗ್ರಿ ದೂರ ಬಂದಿದ್ದೇವೆಂದು ತಿಳಿಯುತ್ತದೆ.

ಆದರೆ ಅಂದಿನ ಗಡಿಯಾರಗಳು ತೂಗಾಡುವ ಹಡಗಿನಲ್ಲಿ ಸರಿಯಾಗಿ ನಡೆಯುತ್ತಿರಲಿಲ್ಲ. ಆಕಾಶವನ್ನೇ ಗಡಿಯಾರ ಮಾಡಿಕೊಂಡರೆ ಹೇಗೆ? ಚಂದ್ರನೇ ಮುಳ್ಳು, ನಕ್ಷತ್ರಗಳೇ ಅಂಕಿಗಳು! ಇದು ಒಳ್ಳೆಯ ಉಪಾಯ. ಆದರೆ ಅಂಕಿಗಳೇ ಅತ್ತಿತ್ತ ಇದ್ದರೆ ಗಡಿಯಾರದಿಂದ ಏನು ಪ್ರಯೋಜನ? ಅಂದಿನ ನಕ್ಷತ್ರಪಟ್ಟಿಗಳಲ್ಲಿ ತಪ್ಪುಗಳಿದ್ದವು. ಅವನ್ನು ತಿದ್ದುವುದೇ ಫ್ಲಾಮ್‌ಸ್ಟೀಡರ ಕೆಲಸ.

ಅರಸನ ಹುದ್ದೆ ಎಂದರೆ ಸುಖದ ಹುದ್ದೆ ಎಂದು ತಿಳಿಯಬೇಡಿ. ಗ್ರೀನಿಚ್ ಎಂಬಲ್ಲಿ ಗುಡ್ಡದ ಮೇಲೆ ಒಂದು ಕಟ್ಟಡ, ವರ್ಷಕ್ಕೆ 100 ಪೌಂಡ್ ಸಂಬಳ, ಇಷ್ಟೇ ಅವರಿಗೆ ದೊರೆತದ್ದು. ನೋಡುವ ಉಪಕರಣಗಳನ್ನು ಅರಸನು ಕೊಡಲಿಲ್ಲ. ಅವನ್ನು ಫ್ಲಾಮ್‌ಸ್ಟೀಡರೇ ಹೊಂದಿಸಿಕೊಳ್ಳಬೇಕಾಯಿತು. ನಲವತ್ತಕ್ಕೂ ಹೆಚ್ಚು ವರ್ಷ ಅವರು ಒಂದೊಂದೇ ನಕ್ಷತ್ರದ ಸ್ಥಾನವನ್ನು ಅಳೆದರು. ಇತ್ತ 1707ರಲ್ಲಿ ಇಂಗ್ಲೆಂಡಿನ ನಾಲ್ಕು ಯುದ್ಧನೌಕೆಗಳು ತಾವಿದ್ದ ಜಾಗ ತಿಳಿಯದೆ ಬಂಡೆಗಳಿಗೆ ಬಡಿದು ಮುಳುಗಿದವು. ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. ಪಟ್ಟಿ ಬೇಗ ಬೇಕೆಂದು ಎಲ್ಲರೂ ಅವಸರಪಡಿಸಿದರು. ಪೂರ್ಣವಾಗದೆ ಕೊಡಲಾರೆ ಎಂದು ಫ್ಲಾಮ್‌ಸ್ಟೀಡರು ಹಟ ಹಿಡಿದರು. ಕೊನೆಗೆ 1712ರಲ್ಲಿ ನ್ಯೂಟನ್ ಮತ್ತು ಹ್ಯಾಲಿ ಅವರು ಫ್ಲಾಮ್‌ಸ್ಟೀಡರ ಒಪ್ಪಿಗೆ ಇಲ್ಲದೆಯೇ ಅದನ್ನು ಅಚ್ಚು ಹಾಕಿಸಿದರು. ಫ್ಲಾಮ್‌ಸ್ಟೀಡರು ಏನು ಮಾಡಿದರು ಗೊತ್ತೇ? ಅಚ್ಚಾದ 400 ಪ್ರತಿಗಳಲ್ಲಿ 300 ಪ್ರತಿಗಳನ್ನು ಪಡೆದು ಸುಟ್ಟುಬಿಟ್ಟರು! ಯಾರು ಮಾಡಿದ್ದು ಸರಿ? ನನಗೆ ಇಬ್ಬರ ಮಾತಿನಲ್ಲಿಯೂ ನ್ಯಾಯ ಕಾಣುತ್ತದೆ. ಸುಮಾರು 3,000 ನಕ್ಷತ್ರಗಳ ಪೂರ್ಣಪಟ್ಟಿ ಹೊರಬಂದದ್ದು ಅವರು ತೀರಿಕೊಂಡ ಮೇಲೆ, 1725ರಲ್ಲಿ.

ನಮ್ಮ ನಾಡಿಗೂ ಹಡಗುಗಳು ಬರುತ್ತಿದ್ದವಲ್ಲವೇ? ಆದ್ದರಿಂದ ಈಸ್ಟ್ ಇಂಡಿಯಾ ಕಂಪನಿಯು 1792ರಲ್ಲಿ ಮದರಾಸಿನ, ಎಂದರೆ ಈಗಿನ ಚೆನ್ನೈನ, ನುಂಗಂಬಾಕ್ಕಂನಲ್ಲಿ ಒಂದು ವೀಕ್ಷಣಾಲಯವನ್ನು ಕಟ್ಟಿಸಿತು. ಅಲ್ಲಿಗೂ ಒಬ್ಬ ಖಗೋಳಜ್ಞರನ್ನು ನೇಮಿಸಿತು. ಉಪಕರಣವನ್ನು ಅಲುಗದಂತೆ ನಿಲ್ಲಿಸಲು ಅಂದು ನೆಟ್ಟ ಕಲ್ಲಿನ ಕಂಬ ಈಗಲೂ ಅಲ್ಲಿದೆ. ಅದರ ಮೇಲೆ ತಮಿಳು, ತೆಲುಗು ಬರಹಗಳೂ ಇವೆ. ಮದರಾಸು ಗ್ರೀನಿಚ್‌ನಿಂದ 80 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಪೂರ್ವಕ್ಕಿದೆ. 80ನ್ನು 4ರಿಂದ ಗುಣಿಸಿ. 320 ನಿಮಿಷ, ಎಂದರೆ 5 ಗಂಟೆ 20 ನಿಮಿಷ. ಸರಿಯಾಗಿ ಅಳೆದಾಗ ಅದು 5 ಗಂಟೆ 21 ನಿಮಿಷವಾಯಿತು. ಇದೇ ‘ಮದರಾಸು ಸಮಯ’. ಮುಂದೆ ರೈಲುಗಳು ಬಂದಾಗ ಊರಿಗೊಂದು ಸಮಯವಿದ್ದರೆ ನಡೆಯದು ಎಂದು ದೇಶದ ರೈಲುಗಳು ಈ ಸಮಯವನ್ನೇ ಹಿಡಿದವು. 1906ರಲ್ಲಿ ಭಾರತಕ್ಕೆ ಒಂದು ಪ್ರಮಾಣ ಸಮಯ ಬಂದಿತು. ಅದು ಇದಕ್ಕಿಂತ ಸುಮಾರು 9 ನಿಮಿಷ ಮುಂದೆ.

ಮದರಾಸಿನ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರ್ಯರು ಎಂಬ ಸಹಾಯಕರಿದ್ದರು. ಪಂಚಾಂಗ ಬರೆಯುವ ಮನೆತನ ಅವರದು. ಹೊಳಪು ಹೆಚ್ಚಿ ಕುಗ್ಗುವ ಒಂದು ನಕ್ಷತ್ರವನ್ನು ಅವರು 1867ರಲ್ಲಿ ಕಂಡುಹಿಡಿದರು. 1874ರ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯನ ಮುಂದೆ ಹಾದುಹೋಗುವುದಿತ್ತು. ಅದನ್ನು ಜನರಿಗೆ ತಿಳಿಸಲು ಅವರು ಒಂದು ಪುಸ್ತಕ ಬರೆದರು. ಆ ಪುಸ್ತಕ ಕನ್ನಡದಲ್ಲಿಯೂ ಬಂದಿತು! ಇಷ್ಟಾದರೂ ಖಗೋಳಜ್ಞರ ಹುದ್ದೆ ಅವರಿಗೆ ಸಿಗಲಿಲ್ಲ. ಅದು ಆಗ ಯುರೋಪಿನವರ ಪಾಲಿಗೇ ಮೀಸಲಾಗಿತ್ತು. ಮುಂದೆ ಈ ಕೆಲಸ ಕೊಡೈಕೆನಾಲ್ ಬೆಟ್ಟಕ್ಕೆ ಹೋಯಿತು. ಅಲ್ಲಿನ ವೀಕ್ಷಣಾಲಯ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ.

ಇಂಗ್ಲೆಂಡಿನಲ್ಲಿ ರಾಜ ಖಗೋಳಜ್ಞರ ಹುದ್ದೆ ಇಂದಿಗೂ ಇದೆ. ಆದರೆ 1972ರಿಂದ ಅದು ಗೌರವದ ಪದವಿ ಮಾತ್ರ. 2025ರಲ್ಲಿ ಮಿಶೆಲ್ ಡೌಹರ್ಟಿ ಅವರು ಈ ಪದವಿಗೆ ನೇಮಕಗೊಂಡರು. 350 ವರ್ಷಗಳಲ್ಲಿ ಇದು ಮಹಿಳೆಯೊಬ್ಬರಿಗೆ ದೊರೆತದ್ದು ಅದೇ ಮೊದಲು.

ಈಗ ನೀವೂ ಒಂದು ಲೆಕ್ಕ ಮಾಡಿ. ಭಾರತದ ಸಮಯ 82½ ಡಿಗ್ರಿ ರೇಖೆಯದು. ತುಡಿಯಲೂರು ಇರುವುದು ಸುಮಾರು 77 ಡಿಗ್ರಿಯಲ್ಲಿ. ವ್ಯತ್ಯಾಸ 5½ ಡಿಗ್ರಿ, ಎಂದರೆ 22 ನಿಮಿಷ. ಬಯಲಿನಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳನ್ನು ಮಾತ್ರ ನೋಡಿರಿ, ಸೂರ್ಯನನ್ನು ನೋಡಬೇಡಿ. ನೆರಳು ಅತಿ ಚಿಕ್ಕದಾಗುವುದು 12 ಗಂಟೆಗಲ್ಲ, ಸುಮಾರು 12 ಗಂಟೆ 22 ನಿಮಿಷಕ್ಕೆ. ನವೆಂಬರಿನಲ್ಲಿ ಇನ್ನೂ ಬೇಗ, ಫೆಬ್ರವರಿಯಲ್ಲಿ ಇನ್ನೂ ತಡ. ಎಷ್ಟೆಂದು ನೀವೇ ಬರೆದಿಡಿ.