ದಾರವನ್ನೇಕೆ ದೂರುತ್ತೀರಿ?

ಟೀ ಶರ್ಟಿನ ಹೊಲಿಗೆ ಪಟ್ಟನೆ ಹರಿದರೆ ನಾವು ಬೈಯುವುದು ದಾರವನ್ನು. ತಪ್ಪು ಬಹುಪಾಲು ಹೊಲಿಗೆಯ ಆಯ್ಕೆಯದು. ಮನೆಯ ಯಂತ್ರದ ನೇರ ಹೊಲಿಗೆಯಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಬಟ್ಟೆಯ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಆ ಸಾಲು ಹೆಚ್ಚು ಹಿಗ್ಗದು. ನೇಯ್ದ ಪಾಪ್ಲಿನ್‌ಗೆ ಅದು ಗುಣ, ಹೆಣೆದ ಹೊಸೈರಿಗೆ ಅದೇ ದೋಷ: ಬಟ್ಟೆ ಹಿಗ್ಗುತ್ತದೆ, ದಾರ ತುಂಡಾಗುತ್ತದೆ. ಜಿಗ್‌ಜಾಗ್‌ನಲ್ಲಿ ದಾರ ಓರೆಯಾಗಿ ಓಡುವುದರಿಂದ ಎಳೆದಾಗ ನೇರವಾಗಲು ಅದಕ್ಕೆ ಅವಕಾಶವಿದೆ. ಕಿರಿದಾದ ಜಿಗ್‌ಜಾಗ್ ಸಾಕು. ಅಗಲ ಹೆಚ್ಚಿದರೆ ಜೋಡಣೆ ಬಾಯಿ ಬಿಡುತ್ತದೆ.

ನೇರ ಹೊಲಿಗೆಯನ್ನೇ ಚಿಕ್ಕದಾಗಿ ಹಾಕಿದರೆ ಗಟ್ಟಿಯಾಗದೇ ಎಂದು ಕೇಳಬಹುದು. ಎಲ್ಲ ಬಟ್ಟೆಗೂ ಅಲ್ಲ. ಸಾಧಾರಣ ಹತ್ತಿಗೆ 2.5 ಮಿಲಿಮೀಟರ್ ಉದ್ದ ಸರಿ, ತೆಳು ರೇಷ್ಮೆಗೆ 2ರ ಆಸುಪಾಸು. ಆದರೆ ಚರ್ಮ, ರೆಕ್ಸಿನ್‌ಗಳಲ್ಲಿ ಸೂಜಿಯ ತೂತು ಮುಚ್ಚಿಕೊಳ್ಳದು; ಒತ್ತೊತ್ತಾಗಿ ಚುಚ್ಚಿದರೆ ಅಂಚೆಚೀಟಿಯ ಹಾಳೆಯಂತೆ ಆ ಗೆರೆಯಲ್ಲೇ ಕಿತ್ತುಬರುತ್ತದೆ. ಅಲ್ಲಿ 3ರಿಂದ 4 ಬೇಕು. ಜೀನ್ಸಿನ ಮೇಲುಹೊಲಿಗೆಗೂ ಅಷ್ಟೇ ಚೆಂದ. ಕಾಲಲ್ಲಿ ತುಳಿಯುವ ಹಳೆಯ ಕಪ್ಪು ಯಂತ್ರಕ್ಕೆ ಜಿಗ್‌ಜಾಗ್ ಬಾರದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದರಲ್ಲಿ ದಾರದ ಬಿಗಿಯನ್ನು ತುಸು ಸಡಿಲಿಸಿ, ಹೊಸೈರಿಯನ್ನು ಹದವಾಗಿ ಎಳೆದು ಹಿಡಿದು ಹೊಲಿಯಬಹುದು. ತಲೆ ತೂರಿಸುವ ಕುತ್ತಿಗೆಪಟ್ಟಿಗೆ ಮಾತ್ರ ಆ ಉಪಾಯ ಸಾಲದು.