ಕಡಲಿಲ್ಲದ ಜಿಲ್ಲೆಯಲ್ಲಿ ಹೊಳೆ ಮತ್ತು ಕಡಲಿನ ದಾರಿ

ಹೊಳೆ ಮತ್ತು ಕಡಲನ್ನು ಒಂದೇ ದಿನದಲ್ಲಿ ನೋಡಿಬರುವ ಆಸೆ ನಿವೃತ್ತ ದಂಪತಿಗಳಲ್ಲಿ ಮೂಡಿದಾಗ ಕಲಬುರಗಿಯವರಿಗೆ ಗೋಕರ್ಣ, ಉಡುಪಿಗಳು ನೆನಪಾಗುವುದು ಸಹಜ. ಆದರೆ ಆ ದಂಡೆಗಳು ರಾತ್ರಿಯಿಡೀ ಪ್ರಯಾಣಿಸಬೇಕಾದಷ್ಟು ದೂರದಲ್ಲಿರುವುದರಿಂದ ಮಂಡಿನೋವು, ಬಿ.ಪಿ. ಇರುವವರಿಗೆ ಅದು ಸುಲಭವಲ್ಲ. ನಗರದ ನಡುವಿನ ಸೂಪರ್ ಮಾರ್ಕೆಟ್‌ನಿಂದ ಬೆಳಿಗ್ಗೆ ಹೊರಟು, ಈಶಾನ್ಯಕ್ಕೆ ಕಮಲಾಪುರವನ್ನೂ ಆಗ್ನೇಯಕ್ಕೆ ಮಳಖೇಡವನ್ನೂ ಕಂಡು, ಕತ್ತಲಾಗುವುದರೊಳಗೆ ಮನೆ ಸೇರಬಹುದಾದ ಸುಮಾರು 150 ಕಿ.ಮೀ. ದಾರಿಯಲ್ಲಿ ಎರಡು ಹೊಳೆಗಳಿವೆ. ಜತೆಗೆ, ಈಗ ನೀರಿಲ್ಲದಿದ್ದರೂ, ಒಂದು ಕಡಲಿನ ತಳವೂ ಇದೆ.

ಹುಮನಾಬಾದ್ ರಸ್ತೆ ಹಿಡಿದು ಮಹಾಗಾಂವ್ ಕ್ರಾಸ್ ಕಡೆಗೆ ಸಾಗುವ ದಾರಿಯಲ್ಲಿ ಕುರಿಕೋಟಾ ಸೇತುವೆ ಬೆಣ್ಣೆತೊರಾ ನದಿಯನ್ನು ದಾಟುತ್ತದೆ. ಹೇರೂರಿನ ಬಳಿ ಕಟ್ಟಿರುವ ಅಣೆಕಟ್ಟಿನ ಹಿನ್ನೀರು, ಅಂದರೆ ತಡೆದ ನೀರು ಹಿಂದಕ್ಕೆ ಹರಡಿ ನಿಂತ ಭಾಗ, ಮಳೆಗಾಲ ಮುಗಿದ ಮೇಲೆ ಇಲ್ಲಿ ಅಗಲವಾಗಿ ಚಾಚಿಕೊಂಡಿರುತ್ತದೆ. ಹೆದ್ದಾರಿಯಲ್ಲಿ ಲಾರಿಗಳ ಓಡಾಟ ಹೆಚ್ಚಿರುವ ಕಾರಣ ಸೇತುವೆಯ ಮೇಲೆ ವಾಹನ ನಿಲ್ಲಿಸದೆ, ಅದನ್ನು ದಾಟಿ ರಸ್ತೆಯಿಂದ ಸಾಕಷ್ಟು ಒಳಗೆ ಸರಿದು ನೋಡುವುದೇ ಕ್ಷೇಮ. ಈ ನೀರು ಕಾಗಿಣಾ ನದಿಯನ್ನೂ, ಕಾಗಿಣಾ ಭೀಮೆಯನ್ನೂ, ಭೀಮೆಯು ರಾಯಚೂರು ಜಿಲ್ಲೆಯ ಗಡಿಯಲ್ಲಿ ಕೃಷ್ಣೆಯನ್ನೂ ಸೇರಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ತಲುಪುತ್ತದೆ; ಕಲಬುರಗಿಗೂ ಕಡಲಿಗೂ ಇರುವ ಇಂದಿನ ನಂಟು ಇದು.

ನಗರದಿಂದ ಸುಮಾರು 35 ಕಿ.ಮೀ. ದೂರದ ಕಮಲಾಪುರ ತಾಲ್ಲೂಕು ಕೇಂದ್ರವಾಗಿದ್ದು, ಕೆಂಪು ಬಾಳೆಗೆ ಹೆಸರಾಗಿದೆ. ಈ ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಅಂದರೆ ಒಂದು ಊರಿನ ನೆಲ, ನೀರು, ಹವೆಗಳಿಂದ ವಿಶೇಷ ಗುಣ ಪಡೆದ ಬೆಳೆಯ ಹೆಸರನ್ನು ಬೇರೆಡೆಯವರು ಬಳಸದಂತೆ ಕಾನೂನು ಕಾಪಾಡುತ್ತದೆ. ಸಾಮಾನ್ಯ ಬಾಳೆ ವರ್ಷದೊಳಗೆ ಅಥವಾ ವರ್ಷದ ಆಸುಪಾಸಿನಲ್ಲಿ ಕಟಾವಿಗೆ ಬಂದರೆ, ಇದಕ್ಕೆ ಸುಮಾರು 18 ತಿಂಗಳು ಬೇಕು. ಅಷ್ಟು ಕಾಲ ನೀರು, ಗೊಬ್ಬರ ಕೊಟ್ಟು, ಎತ್ತರದ ಗಿಡಗಳನ್ನು ಗಾಳಿಯಿಂದ ಕಾಪಾಡಬೇಕಾಗುವುದರಿಂದ ಹಣ್ಣಿನ ಬೆಲೆಯೂ ಹೆಚ್ಚು. ಸಕ್ಕರೆ ಕಾಯಿಲೆ ಇರುವವರು ಮಿತವಾಗಿ ತಿನ್ನಬೇಕಾದರೂ, ಅದನ್ನು ಬೆಳೆದ ಊರಿನಲ್ಲಿಯೇ ಕೊಳ್ಳುವುದು ಕಷ್ಟಪಟ್ಟ ರೈತನಿಗೆ ಸಲ್ಲುವ ಗೌರವ.

ನಗರಕ್ಕೆ ಮರಳಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿಯ ಊಟ ಮುಗಿಸಿ, ತುಸು ವಿಶ್ರಾಂತಿ ಪಡೆದು, ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ಸಾಗಿದರೆ ಕಾಗಿಣಾ ದಂಡೆಯ ಮಳಖೇಡ ಬರುತ್ತದೆ. ಈ ಭಾಗದ ಮನೆಗಳ ನೆಲಕ್ಕೂ ಮಾಳಿಗೆಗೂ ಹಾಸುವ ಪರಸಿ, ಅಂದರೆ ಶಹಾಬಾದ್ ಕಲ್ಲು, ಸುಣ್ಣಕಲ್ಲಿನ ಒಂದು ಬಗೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಸುಣ್ಣದ ನುಣುಪಾದ ಕೆಸರು ಪದರದ ಮೇಲೆ ಪದರವಾಗಿ ಕೂತು ಗಟ್ಟಿಯಾದುದರಿಂದಲೇ ಈ ಕಲ್ಲು ಚಪ್ಪಡಿಗಳಾಗಿ ಏಳುತ್ತದೆ. ಭೂವಿಜ್ಞಾನಿಗಳು ಇಂಥ ಶಿಲೆಗಳಿರುವ ಈ ಪ್ರದೇಶವನ್ನು ಭೀಮಾ ಬೇಸಿನ್ ಎಂದು ಕರೆಯುತ್ತಾರೆ. ಬಹಳ ಕಾಲದ ನಂತರ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖ್ಖನ್ನಿನಲ್ಲಿ ಉಕ್ಕಿ ಹರಿದ ಲಾವಾರಸ ಅದರ ಒಂದು ಭಾಗವನ್ನು ಮುಚ್ಚಿತು. ಆ ಲಾವಾ ಶಿಲೆ ಸವೆದು ಆದ ಎರೆಮಣ್ಣಿನಲ್ಲಿಯೇ ಇಂದು ತೊಗರಿ, ಬಿಳಿಜೋಳ ಬೆಳೆಯುತ್ತವೆ.

ಅದೇ ಸುಣ್ಣಕಲ್ಲಿನಿಂದ ಕಟ್ಟಿದ ಕೋಟೆಯಿರುವ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಮೋಘವರ್ಷ ನೃಪತುಂಗನ (ಸು. 814–878) ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿ, ಗೋದಾವರಿ ಎಂಬ ಎರಡು ನದಿಗಳ ಮೂಲಕವೇ ಗುರುತಿಸಿತು. 851ರ ಅರಬ್ ವರ್ತಕ ಸುಲೈಮಾನನ ಹೆಸರಿನ ವೃತ್ತಾಂತವು ಇಲ್ಲಿನ ಅರಸನನ್ನು ಲೋಕದ ನಾಲ್ವರು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿದ್ದನ್ನು ನೋಡಿದರೆ, ಕಡಲಾಚೆಯ ವ್ಯಾಪಾರ ಈ ಒಳನಾಡಿನ ಊರಿನ ಕೀರ್ತಿಯನ್ನು ಎಷ್ಟು ದೂರ ಒಯ್ದಿತ್ತೆಂಬುದು ತಿಳಿಯುತ್ತದೆ. ನೇಮಿನಾಥ ಬಸದಿಯೂ, ಟೀಕಾಚಾರ್ಯ ಜಯತೀರ್ಥರದೆಂದು ಭಕ್ತರು ಪೂಜಿಸುವ ಬೃಂದಾವನವೂ ಇದೇ ಊರಿನಲ್ಲಿವೆ.

ಬೇಸಿಗೆಯಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ದಾಟುವುದರಿಂದಲೂ, ಭಾರಿ ಮಳೆಯಲ್ಲಿ ಕಾಗಿಣಾ ಉಕ್ಕಿ ರಸ್ತೆ ಮುಳುಗುವ ಸಂಭವ ಇರುವುದರಿಂದಲೂ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಕಾಲ ಈ ಪ್ರಯಾಣಕ್ಕೆ ತಕ್ಕುದು. ಸ್ವಂತ ವಾಹನ ಇಲ್ಲದವರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಹೋಗಬಹುದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಸಾಮಾನ್ಯ ಬಸ್ಸುಗಳಲ್ಲಿ ಪತ್ನಿಗೆ ಟಿಕೆಟ್ ಖರ್ಚಿಲ್ಲ; 60 ದಾಟಿದ ಪತಿಗೆ ಹಿರಿಯ ನಾಗರಿಕರಿಗೆಂದು ಪ್ರತ್ಯೇಕವಾಗಿ ಇರುವ ಶೇ. 25ರ ರಿಯಾಯಿತಿ ಸಿಗುತ್ತದೆ. ಬಸ್ಸಿನಲ್ಲಿ ಹೋಗುವವರು ಎರಡು ದಿಕ್ಕುಗಳನ್ನು ಎರಡು ದಿನಗಳಿಗೆ ಹಂಚಿಕೊಂಡರೆ ಆಯಾಸ ಕಡಿಮೆ.

ಶಾಲೆ, ಕಚೇರಿ, ಕಾರ್ಖಾನೆಗಳಲ್ಲಿ ದುಡಿದು, ಮಕ್ಕಳನ್ನು ದಡ ಮುಟ್ಟಿಸಿ, ತಮ್ಮ ಸುತ್ತಲಿನ ನೆಲವನ್ನು ಬಿಡುವಾಗಿ ನೋಡಲು ಪುರುಸೊತ್ತೇ ಸಿಗದ ಹಿರಿಯರಿಗೆ ಈ ದಾರಿ ಮನರಂಜನೆಗಿಂತ ಹೆಚ್ಚಿನದನ್ನು ಕೊಡಬಲ್ಲದು. ಹಿನ್ನೀರಿನ ದಂಡೆಯಲ್ಲಿಯೂ ಕೋಟೆಯ ಬಾಗಿಲಲ್ಲಿಯೂ ನೆರಳು, ಆಸನ, ಶುಚಿಯಾದ ಶೌಚಾಲಯ, ಈ ನೆಲದ ಕಥೆಯನ್ನು ಸರಳ ಕನ್ನಡದಲ್ಲಿ ಹೇಳುವ ಫಲಕ ಇವಿಷ್ಟನ್ನು ಸ್ಥಳೀಯ ಆಡಳಿತಗಳು ಒದಗಿಸಿ ಚೆನ್ನಾಗಿ ಕಾಪಾಡಿಕೊಂಡು ಬಂದರೆ, ದೂರದ ಕಡಲಿಗೆ ಹೋಗಲಾಗದ ದಂಪತಿಗಳು ತಮ್ಮ ಜಿಲ್ಲೆಯ ಹೊಳೆಯನ್ನೂ ಹಳೆಯ ಕಡಲನ್ನೂ ನಿಶ್ಚಿಂತೆಯಿಂದ ನೋಡಿ ಬರಬಹುದು.