ಹಳೆಯ ವಾಹನದ ದುರಸ್ತಿ: ಯಾವುದಕ್ಕೆ ಹಣ ತೊಡಗಿಸಬೇಕು, ಯಾವುದಕ್ಕೆ ಬೇಡ

ಗೋಕಾಕದ ಕರದಂಟು ತಯಾರಕರು, ಮೂಡಲಗಿ ಪೇಟೆಯ ಬೀಜ-ಗೊಬ್ಬರದ ವರ್ತಕರು, ಹುಕ್ಕೇರಿ ಹಾಗೂ ಸಂಕೇಶ್ವರ ಭಾಗದ ಸಣ್ಣ ಉದ್ದಿಮೆದಾರರು ಹತ್ತು-ಹದಿನೈದು ವರ್ಷ ದುಡಿದ ಒಂದು ಬೊಲೆರೊ, ಓಮ್ನಿ ಅಥವಾ ಡೀಸೆಲ್ ಕಾರನ್ನು ಇಟ್ಟುಕೊಂಡಿರುವುದು ಸಾಮಾನ್ಯ. ಬೆಳಿಗ್ಗೆ ಸರಕು, ಸಂಜೆ ವಸೂಲಿ, ರವಿವಾರ ಕುಟುಂಬ ಎಂದು ಮೂರು ಬಗೆಯ ಕೆಲಸವನ್ನೂ ಮಾಡುವ ಇಂಥ ವಾಹನ ಎರಡೂವರೆ ಲಕ್ಷ ಕಿ.ಮೀ. ದಾಟಿದ ಮೇಲೆ ಒಂದು ದಿನ ಗ್ಯಾರೇಜು ಸೇರುತ್ತದೆ. ಮಿಸ್ತ್ರಿ ಹೇಳಿದ ಮೊತ್ತ ಕೇಳಿ ಮಾಲೀಕರು ತಕ್ಷಣ ಮಾಡುವ ಲೆಕ್ಕ ಒಂದೇ: "ಗಾಡಿಗೇ ಅಷ್ಟು ಬೆಲೆ ಬಾರದು, ಅದಕ್ಕೆ ಇಷ್ಟು ಹಣ ಹಾಕುವುದೇ?"

ಈ ಲೆಕ್ಕ ಮಾರಾಟಗಾರನಿಗೆ ಸರಿ, ವಾಹನವನ್ನು ದುಡಿಸುವವನಿಗೆ ಸರಿಯಲ್ಲ. ದುರಸ್ತಿಯ ವೆಚ್ಚವನ್ನು ಹೋಲಿಸಬೇಕಾದುದು ಹಳೆಯ ವಾಹನದ ಮಾರುಕಟ್ಟೆ ಬೆಲೆಯೊಂದಿಗೆ ಅಲ್ಲ. ಆ ದುರಸ್ತಿಯಿಂದ ದೊರೆಯುವ ಕಿಲೋಮೀಟರುಗಳೊಂದಿಗೆ, ಮತ್ತು ಅದೇ ಕಿಲೋಮೀಟರುಗಳನ್ನು ಬೇರೆ ವಾಹನದಿಂದ ಪಡೆಯಲು ತಗಲುವ ವೆಚ್ಚದೊಂದಿಗೆ.

ಉದಾಹರಣೆಗೆ, ಮಾರಿದರೆ ರೂ. 1,80,000 ಬರುವ ಒಂದು ಜೀಪಿಗೆ ಇಂಜಿನ್ ಬಿಚ್ಚಿ ಕಟ್ಟಲು ರೂ. 90,000 ಬೇಕೆಂದು ಭಾವಿಸೋಣ. ಬೆಲೆಯ ಅರ್ಧದಷ್ಟು ವೆಚ್ಚವೆಂದರೆ ಭಯವಾಗುವುದು ಸಹಜ. ಆದರೆ ಆ ಇಂಜಿನ್ ಇನ್ನು 60,000 ಕಿ.ಮೀ. ಓಡಿದರೆ ವೆಚ್ಚ ಕಿ.ಮೀ.ಗೆ ಒಂದೂವರೆ ರೂಪಾಯಿ ಮಾತ್ರ. ಅದರ ಬದಲು ಹೊಸ ವಾಹನಕ್ಕೆ ಶೇ. 9.5ರ ಬಡ್ಡಿಯಲ್ಲಿ ಐದು ವರ್ಷಗಳ ಅವಧಿಗೆ 8 ಲಕ್ಷ ಸಾಲ ಪಡೆದರೆ ಮಾಸಿಕ ಕಂತು ಸುಮಾರು ರೂ. 16,800, ಮೊದಲ ವರ್ಷದ ಬಡ್ಡಿಯೇ ಸುಮಾರು ರೂ. 70,000. ವಾಹನದ ಸವಕಳಿ, ಹೆಚ್ಚಿನ ವಿಮಾ ಕಂತು ಇವು ಬೇರೆ. ವರ್ಷಕ್ಕೆ 15,000 ಕಿ.ಮೀ. ಓಡಿಸುವವರಿಗೆ ಬಡ್ಡಿಯೊಂದೇ ಕಿ.ಮೀ.ಗೆ ನಾಲ್ಕೂವರೆ ರೂಪಾಯಿಗೂ ಮಿಗಿಲಾಗುತ್ತದೆ. ಮುಂಗಾರಿನ ಹೊತ್ತಿಗೆ ಗೊಬ್ಬರದ ದಾಸ್ತಾನಿಗೆ ಬೇಕಾಗುವ ದುಡಿಯುವ ಬಂಡವಾಳ ಕಂತಿನ ಪಾಲಾಗುವುದು ಈ ಲೆಕ್ಕದಲ್ಲಿ ಕಾಣದ ನಷ್ಟ.

ಆದರೆ 60,000 ಕಿ.ಮೀ. ದೊರೆಯುವುದೆಂಬ ನಂಬಿಕೆಯ ಮೇಲೆಯೇ ಈ ಲೆಕ್ಕವೆಲ್ಲ ನಿಂತಿದೆ. ಆದ್ದರಿಂದ ಇಂಜಿನ್ನಿಗೆ ಹಣ ಹಾಕುವ ಮುನ್ನ ವಾಹನವನ್ನು ಮೇಲೆತ್ತಿಸಿ ಚಾಸಿಯನ್ನು ನೋಡಬೇಕು. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಲೋಹದ ಧ್ವನಿ ಬರುವುದನ್ನು ಬಿಟ್ಟು ತುಕ್ಕಿನ ಪದರು ಉದುರಿದರೆ, ಸಸ್ಪೆನ್ಷನ್ ಕೂಡುವ ಜಾಗದಲ್ಲಿ ಬಿರುಕು ಅಥವಾ ಹಳೆಯ ವೆಲ್ಡಿಂಗ್ ಕಂಡರೆ, ಆ ವಾಹನಕ್ಕೆ ದೊಡ್ಡ ದುರಸ್ತಿ ಬೇಡ. ಇಂಜಿನ್, ಗಿಯರ್ ಬಾಕ್ಸ್, ಕ್ಲಚ್ ಎಲ್ಲವನ್ನೂ ಬದಲಿಸಬಹುದು. ಕೊಳೆತ ಒಡಲನ್ನು ನ್ಯಾಯವಾದ ಖರ್ಚಿನಲ್ಲಿ ಬದಲಿಸಲಾಗದು. ಚಾಸಿ ಪ್ರತ್ಯೇಕವಿರುವ ಬೊಲೆರೊ, ಸುಮೋದಂಥವುಗಳಲ್ಲಿ ಈ ಪರೀಕ್ಷೆ ಸುಲಭ. ಒಡಲೇ ಚೌಕಟ್ಟಾಗಿರುವ ಕಾರುಗಳಲ್ಲಿ ಬಾಗಿಲ ಕೆಳಗಿನ ಪಟ್ಟಿ ಮತ್ತು ನೆಲದ ತಗಡನ್ನು ರಬ್ಬರ್ ಹಾಸು ತೆಗೆದು ನೋಡಬೇಕಾಗುತ್ತದೆ.

ಇಲ್ಲಿ ಗೋಕಾಕದವರು ನೆನಪಿಡಬೇಕಾದ ಮತ್ತೊಂದು ಸಂಗತಿಯಿದೆ. 2019ರ ಆಗಸ್ಟ್ ತಿಂಗಳ ಘಟಪ್ರಭಾ ಪ್ರವಾಹದಲ್ಲಿ ಪಟ್ಟಣದ ತಗ್ಗು ಪ್ರದೇಶಗಳು ಮುಳುಗಿದವು, ಲೋಳಸೂರ ಸೇತುವೆಯ ಮೇಲೆ ನೀರು ಹರಿಯಿತು. ಇಂಥ ನೆರೆಯಲ್ಲಿ ನಿಂತ ವಾಹನವನ್ನು ತೊಳೆದು ಬಣ್ಣ ಹೊಡೆದರೆ ಹೊರನೋಟಕ್ಕೆ ಏನೂ ತಿಳಿಯದು. ತಂತಿಗಳ ಕೂಡುಗಳಲ್ಲಿ ಸೇರಿದ ರಾಡಿ ಮಾತ್ರ ವರ್ಷಗಟ್ಟಲೆ ತೊಂದರೆ ಕೊಡುತ್ತದೆ. ಒಂದು ಸೆನ್ಸರ್ ಬದಲಿಸಿದರೆ ಮತ್ತೊಂದು ಕೆಡುತ್ತದೆ. ಸೀಟಿನ ಅಡಿಯ ಬೋಲ್ಟುಗಳ ತುಕ್ಕು, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ಕೆಸರಿನ ಗೆರೆ ಇದರ ಗುರುತುಗಳು. ಇಂಥ ವಾಹನಕ್ಕೆ ಪದೇ ಪದೇ ವಿದ್ಯುತ್ ದುರಸ್ತಿ ಮಾಡಿಸುವುದು ಹಣವನ್ನು ಅದೇ ಹೊಳೆಗೆ ಹಾಕಿದಂತೆ. ನೀರು ಹೊಕ್ಕ ಇಂಜಿನ್ನನ್ನು ಪರೀಕ್ಷೆಗಾಗಿ ಒಮ್ಮೆಯೂ ಚಾಲೂ ಮಾಡಬಾರದು. ಸಿಲಿಂಡರಿನಲ್ಲಿ ನಿಂತ ನೀರನ್ನು ಪಿಸ್ಟನ್ ಅದುಮಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಣ್ಣೆ ಬದಲಾವಣೆಯಲ್ಲಿ ಮುಗಿಯಬಹುದಾದ ಕೆಲಸ ಇಂಜಿನ್ ಬಿಚ್ಚುವ ಮಟ್ಟಕ್ಕೆ ಹೋಗುತ್ತದೆ.

ಚಾಸಿ ಗಟ್ಟಿಯಿದ್ದಲ್ಲಿ ಮುಂದಿನ ವಿಚಾರ ದುರಸ್ತಿಗಳ ಸರದಿಯದು. ಬ್ರೇಕ್, ಸ್ಟಿಯರಿಂಗ್, ಟೈರ್ ಇವುಗಳಲ್ಲಿ ಲೆಕ್ಕಾಚಾರಕ್ಕೆ ಎಡೆಯಿಲ್ಲ. ಇವನ್ನು ಮಾಡಿಸಲಾಗದಿದ್ದರೆ ವಾಹನವನ್ನು ರಸ್ತೆಗೆ ಇಳಿಸಬಾರದು. ಅನಂತರ ಬರುವವು, ಚಿಕ್ಕದಾಗಿದ್ದರೂ ಬಿಟ್ಟರೆ ದೊಡ್ಡದನ್ನು ಕೆಡಿಸುವ ದೋಷಗಳು. ಮಾಲೀಕರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಕೆಲವು ನೂರು ರೂಪಾಯಿಯ ರೇಡಿಯೇಟರ್ ಹೋಸ್ ಸೋರುತ್ತಿದ್ದರೆ ದಿನಾ ನೀರು ಸುರಿದು ಓಡಿಸುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಒಂದು ದಿನ ಇಂಜಿನ್ ಕುದಿದು ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹಾರುತ್ತದೆ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನುಗಳಲ್ಲಿ ಕೈಪಿಡಿ ಹೇಳಿದ ಅವಧಿ ಮೀರಿ ಬೆಲ್ಟ್ ತುಂಡಾದರೆ ಅನೇಕ ಮಾದರಿಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಇಂಥ ಕಡೆ ಖರ್ಚು ಮಾಡುವುದು ಎಷ್ಟು ಹಳೆಯ ವಾಹನಕ್ಕೂ ಲಾಭದಾಯಕವೇ.

ಬಣ್ಣ, ಡೆಂಟಿಂಗ್, ಸೀಟಿನ ಕವಚ ಮುಂತಾದವುಗಳಿಗೆ ಹಾಕಿದ ಹಣ ಮಾರಾಟದಲ್ಲಿ ಪೂರ್ತಿ ಮರಳುವುದು ಅಪರೂಪ. ತುಕ್ಕು ತಡೆಯಲು ಬೇಕಾದಷ್ಟು ಬಣ್ಣ ಸಾಕು.

ಇಂಜಿನ್ ಬಿಚ್ಚುವ ಸಲಹೆ ಬಂದಾಗ ಹೊಗೆಯ ಬಣ್ಣ ನೋಡುವುದು ಒಳ್ಳೆಯದು. ಕಪ್ಪು ಹೊಗೆ ಎಂದರೆ ಗಾಳಿ ಕಡಿಮೆ ಅಥವಾ ಇಂಧನ ಹೆಚ್ಚು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಧೂಳಿನಲ್ಲಿ ಓಡುವ ವಾಹನಕ್ಕೆ ಏರ್ ಫಿಲ್ಟರ್ ಬದಲಿಸಿದರೇ ಗುಣವಾಗಬಹುದು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಗುರುತು. ಇಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಕಡಿಮೆಯಾಗುತ್ತಿರುವ ರೇಡಿಯೇಟರ್ ನೀರು ಎರಡೂ ಕೂಡಿ ಬಂದರೆ ಗ್ಯಾಸ್ಕೆಟ್ ಮೇಲೆ ಸಂಶಯಪಡಬೇಕು. ಪೆಟ್ರೋಲ್ ಇಂಜಿನ್ನಿನಲ್ಲಿ ಕಂಪ್ರೆಷನ್ ಅಳೆದು, ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ದೋಷ ವಾಲ್ವ್ ಅಥವಾ ಗ್ಯಾಸ್ಕೆಟ್‌ನಲ್ಲಿದೆ, ಹೆಡ್ ಕೆಲಸದಲ್ಲೇ ಮುಗಿಯಬಹುದು. ಈ ಪರೀಕ್ಷೆಗೆ ತಗಲುವ ಅರ್ಧ ದಿನ ಅರ್ಧ ಲಕ್ಷ ಉಳಿಸಿದರೂ ಉಳಿಸೀತು.

ಹಳೆಯ ಪೆಟ್ರೋಲ್ ಕಾರುಗಳಿಗೆ ಈಚೆಗೆ ಹೊಸದೊಂದು ಖರ್ಚು ಸೇರಿದೆ. ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು 2025ರ ವೇಳೆಗೆ ದೇಶದೆಲ್ಲೆಡೆ ಬಳಕೆಗೆ ಬಂತು. ಅದಕ್ಕೆ ಹೊಂದುವ ರಬ್ಬರು, ಸೀಲುಗಳು 2023ರ ಏಪ್ರಿಲ್‌ನಿಂದೀಚೆಗೆ ತಯಾರಾದ ವಾಹನಗಳಲ್ಲಿವೆ. ಹಿಂದಿನವುಗಳಲ್ಲಿ ಇಂಧನದ ಪೈಪು, ಗ್ಯಾಸ್ಕೆಟ್ಟುಗಳು ಬೇಗ ಗಡುಸಾಗಿ ಸೋರುವ ಸಂಭವವಿದೆ. ಕಬ್ಬು ಬೆಳೆಯುವ ನಾಡಿಗೆ ಎಥೆನಾಲ್ ಆದಾಯ ತಂದಿತೆಂಬುದು ನಿಜ, ಆದರೆ ಓಮ್ನಿಯ ಪೈಪಿಗೆ ಅದು ತಿಳಿಯದು! ಪೆಟ್ರೋಲ್ ವಾಸನೆ ಬಂದ ದಿನವೇ ಪೈಪು ಬದಲಿಸುವುದು ಕ್ಷೇಮ.

ಬಿಡಿಭಾಗಗಳ ಲಭ್ಯತೆಯನ್ನೂ ವಿಚಾರಿಸಬೇಕು. ಅಂಬಾಸಡರ್ ತಯಾರಿಕೆ 2014ರಲ್ಲಿ, ಓಮ್ನಿ ಮತ್ತು ಸುಮೋಗಳದು 2019ರಲ್ಲಿ ನಿಂತಿತು. ಒಂದು ಭಾಗಕ್ಕಾಗಿ ಬೆಳಗಾವಿ, ಕೊಲ್ಹಾಪುರ ಸುತ್ತಿ ವಾಹನ ಎಂಟು ದಿನ ನಿಂತರೆ, ಆ ಅವಧಿಯ ಬಾಡಿಗೆ ಗಾಡಿಯ ಖರ್ಚನ್ನು ದುರಸ್ತಿಯ ಬಿಲ್ಲಿಗೆ ಕೂಡಿಸಿಯೇ ನಿರ್ಧರಿಸಬೇಕು. ದೀಪಾವಳಿಯ ಮುನ್ನಿನ ಎಂಟು ದಿನ ಕರದಂಟು ವ್ಯಾಪಾರಿಗೆ ಬೇರೆ ತಿಂಗಳುಗಳ ಎಂಟು ದಿನಗಳಂತಲ್ಲ.

ತೆರಿಗೆಯ ವಿಷಯದಲ್ಲಿ ಕಾರಿಗೂ ಸರಕು ವಾಹನಕ್ಕೂ ವ್ಯತ್ಯಾಸವಿದೆ. ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 18. ಚಾಲಕನೂ ಸೇರಿ 13 ಜನರವರೆಗೆ ಆಸನವಿರುವ ಪ್ರಯಾಣಿಕ ವಾಹನದ ದುರಸ್ತಿಗೆ ತೆತ್ತ ತೆರಿಗೆಯ ಹೂಡುವಳಿ ಜಮೆ ಸಾಮಾನ್ಯ ವರ್ತಕರಿಗೆ ಸಿಗುವುದಿಲ್ಲ. ಸರಕು ವಾಹನದ್ದು ಸಿಗುತ್ತದೆ. ಆದ್ದರಿಂದ ಒಂದೇ ಮೊತ್ತದ ಬಿಲ್ಲು ಪಿಕಪ್ ವಾಹನಕ್ಕೆ ಅಗ್ಗ, ಕಾರಿಗೆ ದುಬಾರಿ. ಇದಕ್ಕೆ ಪಕ್ಕಾ ಬಿಲ್ಲು ಬೇಕೆಂಬುದನ್ನು ಹೇಳಬೇಕಿಲ್ಲ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ರೂ. 600 ಇದ್ದ ಕೇಂದ್ರದ ಶುಲ್ಕ 2022ರ ಏಪ್ರಿಲ್ 1ರಿಂದ ರೂ. 5,000 ಆಯಿತು, 20 ವರ್ಷ ಮೀರಿದವುಗಳಿಗೆ 2025ರಲ್ಲಿ ರೂ. 10,000ಕ್ಕೆ ಏರಿತು. ಹದಿನಾಲ್ಕನೆಯ ವರ್ಷದಲ್ಲಿ ಇಂಜಿನ್ನಿಗೆ ಹಣ ಹಾಕುವವರು ಮೊದಲು ವಾಹನ ಅರ್ಹತಾ ತಪಾಸಣೆಯಲ್ಲಿ ತೇರ್ಗಡೆಯಾಗುವುದೇ ಎಂದು ನೋಡಿಕೊಳ್ಳಬೇಕು. ನವೀಕರಣಕ್ಕೆ ಬೇಕಾದ ದೀಪ, ಬ್ರೇಕ್, ಹೊಗೆಯ ಕೆಲಸಗಳನ್ನು ಇಂಜಿನ್ ಕೆಲಸದ ಜೊತೆಗೇ ಒಂದು ಲಿಖಿತ ಅಂದಾಜುಪಟ್ಟಿಯಲ್ಲಿ ಸೇರಿಸಿಕೊಂಡು, ಬದಲಿಸಿದ ಹಳೆಯ ಭಾಗಗಳನ್ನು ಮರಳಿ ಕೊಡಬೇಕೆಂದು ಗ್ಯಾರೇಜಿಗೆ ಮೊದಲೇ ತಿಳಿಸುವುದು ಲೇಸು.